ಮೀಟರ್ ಒಂದ, ಊರು ಎರಡು

ಹಸಿರು ಪೆಟ್ಟಿಗಿಯೊಳಗ, ಸ್ಪಂಜಿನ ಗುಂಡಿಯಾಗ
ಮಲಗಿರತೈತಿ ಅದು, ಧಾರವಾಡದ ಆಫೀಸಿನ ಕಪಾಟಿನಾಗ.
ಎರಡು ಊರಿಗೆ ಒಂದ ಮೀಟರ್.
ಕೀಲಿ ಸಾಹೇಬರ ಹತ್ರ, ಬ್ಯಾಟರಿ ನನ್ನ ಹತ್ರ,
ಗದ್ದಲ ಮಾತ್ರ ಯಾವಾಗಲೂ ಹುಬ್ಬಳ್ಳ್ಯಾಗ.

ಇದು ಮೂರನೇ ಅರ್ಜಿ, ಅದ ಗುಂಡನ್ನ ಅಕ್ಷರ:
"ನಾನು ರಾತ್ರಿಪಾಳಿ ನರ್ಸು, ಹಗಲು ಮಲಗುವಾಕಿ.
ಹಿತ್ತಲ ಗೋಡೆಗೆ ಹತ್ತಿ ಗ್ರಿಲ್ ಕೊರೆಯುವ ಅಂಗಡಿ.
ನಿನ್ನೆ ಒಬ್ಬರಿಗೆ ಸೂಜಿ ಚುಚ್ಚುವಾಗ ಕೈ ನಡುಗಿತು.
ಇಂತಿ, ಜೈತುನಬಿ ನದಾಫ, ಹಳೇ ಹುಬ್ಬಳ್ಳಿ."

ಎರಡನೇ ಅರ್ಜಿಗೆ ನಾವ ಉತ್ತರ ಕೊಟ್ಟಿದ್ವಿ:
"ಸದರಿ ಸ್ಥಳವು ವಸತಿ ಪ್ರದೇಶವೋ ವಾಣಿಜ್ಯ ಪ್ರದೇಶವೋ
ಎಂಬುದನ್ನು ಅರ್ಜಿದಾರರು ಮೊದಲು ಸ್ಪಷ್ಟಪಡಿಸತಕ್ಕದ್ದು."
ಟೈಪ್ ಮಾಡಿದಾಂವ ನಾನ.

ವಸತಿಗೆ ಹಗಲು ಐವತ್ತೈದು, ರಾತ್ರಿ ನಲವತ್ತೈದು.
ರಾತ್ರಿ ಅಂದ್ರ ಹತ್ತರಿಂದ ಮುಂಜಾನೆ ಆರರ ತನಕ,
ಹಂಗಂತ ಕಾಯದೆ ಐತಿ.
ಆಕಿ ರಾತ್ರಿ ಒಂಬತ್ತಕ್ಕ ಶುರು, ಬಿಸಿಲಾಗ.
ಅದು ಯಾವ ಕಲಮಿನಾಗೂ ಬರೂದಿಲ್ಲ.

ಚಿಗರಿ ಬಸ್ಸಿನಾಗ ಪೆಟ್ಟಿಗಿ ತೊಡಿ ಮ್ಯಾಲ.
ನವಲೂರು ದಾಟಿದ ಮ್ಯಾಲ ಬಾಜೂಕಿನ ಅಜ್ಜ ಕೇಳಿದ:
"ಬಿಪಿ ಮಿಷಿನ್ ಏನ್ರಿ? ನಂದೊಂದೀಟು ನೋಡ್ರಿ."
"ಅಲ್ರಿ ಅಜ್ಜಾರ, ಇದು ಊರಿನ ಬಿಪಿ ನೋಡೂದು."
"ಹಂಗಾರ ಅದನ್ನ ತಗೀಬ್ಯಾಡ, ಒಡದ್ ಹೋದೀತು" ಅಂದು
ಉಣಕಲ್ ಬರೂತನ ಒಬ್ಬನ ನಕ್ಕೋತ ಕುಂತ.

ಹೋಗೂದ್ರಾಗ ಶಟರ್ ಇಳದಿತ್ತು.
ಕಬ್ಬಿಣದ ಪುಡಿ ಇನ್ನೂ ಬಿಸಿ, ಬೆರಳಿಗೆ ಹತ್ತಿತು.
ಯಾರೋ ಫೋನ್ ಮಾಡ್ಯಾರ.
ಯಾರು ಅಂತ ನನಗ ಗೊತ್ತೈತಿ,
ಫಾರ್ಮಿನಾಗ ಆ ಕಾಲಂ ಇಲ್ಲ.

ಜೈತುನಬಿ ಬಾಗಿಲಾ ತಗದ್ರು. ಸಿಟ್ಟಿಲ್ಲ, ಕಣ್ಣಷ್ಟ ಕೆಂಪು.
"ನಾಲ್ಕು ದಿನದಾಗ ಇವತ್ತ ಮೊದಲು ಶಾಂತ ಐತ್ರಿ,
ನೀವು ಬರ್ತೀರಿ ಅನ್ನೂ ಸುದ್ದಿಗೇ."
ಕಿಟಕಿ ಮುಂದ ಮೂರ್ಕಾಲಿನ ಸ್ಟ್ಯಾಂಡ್ ನಿಲ್ಲಿಸಿದೆ,
ಮೀಟರಿಗೆ ಅರಿವಿ ಟೊಪ್ಪಿಗಿ ಹಾಕಿದೆ.
"ಹತ್ತು ನಿಮಿಷ ಮಾತಾಡಬ್ಯಾಡ್ರಿ, ಆಮ್ಯಾಲ ಒಂದು ಸಹಿ."

ಬಾಜೂ ಮನಿ ಕುಕ್ಕರ್: ಅರವತ್ತೊಂದು.
ಕಾಗಿ: ಐವತ್ತೆರಡು.
ಬಳಿಗಾರನ ಸೈಕಲ್ಲು, ನಲವತ್ತೇಳು, ದಾಟಿ ಹೋತು.
ಆಮ್ಯಾಲ ಮೂವತ್ತೆಂಟು, ಮೂವತ್ತೇಳು,
ಮತ್ತ ಮೂವತ್ತೆಂಟು.
ಏನಪಾ ಇದು ಏರತೈತಿ ಇಳಿತೈತಿ ಅಂತ ಹೊಳ್ಳಿ ನೋಡಿದ್ರ
ಗ್ವಾಡಿಗೆ ತಲಿ ಆನಿಸಿ ಆಕಿ ಮಲಗಿಬಿಟ್ಟಾಳ,
ಎದಿ ಮ್ಯಾಲ ಹೆಸರಿನ ಬಿಲ್ಲೆ ಹಂಗ ಐತಿ,
ಸಹಿ ಮಾಡಾಕ ಕೊಟ್ಟ ಪೆನ್ನು ಬೆರಳಿನಾಗ.

ಹತ್ತು ನಿಮಿಷ ಮುಗದ್ವು.
ಸಹಿ ಇಲ್ಲದ ಅಳತಿ ಅಳತಿ ಅಲ್ಲ.
ಎಬ್ಬಿಸಬೇಕು. ಕೆಮ್ಮಬೇಕಂತ ಬಾಯಿಗೆ ಕೈ ಒಯ್ದೆ,
ಕೆಮ್ಮು ಎಷ್ಟ ಆಗತೈತಿ ಅಂತ ನನಗ ಗೊತ್ತು: ಎಪ್ಪತ್ತು.
ನುಂಗಿದೆ.

ಎದುರಿನ ಶಟರ್ ಗೇಣುದ್ದ ಎದ್ದಿತು.
ಕೆಳಗ ಎರಡು ಚಪ್ಪಲಿ, ಒಂದು ಗಡ್ಡ.
ಗಡ್ಡ ಕಿಟಕಿ ನೋಡಿತು,
ಮೂರ್ಕಾಲು ನೋಡಿತು, ಟೊಪ್ಪಿಗಿ ನೋಡಿತು,
ಶಟರ್ ಇಳೀತು, ಸದ್ದಿಲ್ಲದ.
ಅದನ್ನೂ ಬರಕೊಂಡೆ: ಮೂವತ್ತೊಂಬತ್ತು.

ಬ್ಯಾಟರಿ ಎರಡಕ್ಕ ಸತ್ತಿತು.
ನಾಲ್ಕರ ತನಕ ನಾವಿಬ್ಬರೂ ಕಿಟಕಿಯಾಗ ನಿಂತ್ವಿ,
ಮೀಟರು, ನಾನು.
ಸಾಹೇಬರ ಫೋನು ಕಿಸೇದಾಗ ಆರು ಸಲ ನಡುಗಿತು.

ವರದಿ: "ಸ್ಥಳದಲ್ಲಿ ಅಧಿಕ ಶಬ್ದ ಕಂಡುಬಂದಿಲ್ಲ.
ಅರ್ಜಿದಾರರ ಸಹಿ ಲಭ್ಯವಾಗಿಲ್ಲ."
ಎರಡೂ ಖರೇನ.

ನಾಲ್ಕನೇ ಅರ್ಜಿ ಸೋಮವಾರ ಬಂತು.
ಅಕ್ಷರ ಈ ಸಲ ನೆಟ್ಟಗ, ಗೆರಿ ಬಿಟ್ಟು ಸರಿದಿಲ್ಲ:
"ಮಾನ್ಯರೆ, ಮೀಟರ್ ಬಿಡುವಿಲ್ಲದಿದ್ದರೆ
ಅದರ ಸ್ಟ್ಯಾಂಡು ಮತ್ತು ಟೊಪ್ಪಿಗಿ ಕಳಿಸಿದರೂ ಸಾಕು."